ನಮ್ಮ ಮಗಳ ಹೃದಯವೂ ಲೂಪಸ್ ಎಂಬ ವ್ಯಾಧಿಯೂ

ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿಕೊಂಡಾಗ, ಇಲ್ಲಿಯೇ ಓದಿ ಬೆಳೆದ ನಾವಿಬ್ಬರು ಅಕ್ಕತಂಗಿಯರು ಏನನ್ನು ಬರೆಯಬೇಕೆಂದು ಬಹಳ ಆಲೋಚಿಸಿದೆವು. ವಸತಿಗೃಹದ ಗಂಜಿಯೂಟವನ್ನೂ, ಮಳೆಗಾಲದಲ್ಲಿ ಜಗಲಿಯುದ್ದಕ್ಕೂ ಬಿಚ್ಚಿಟ್ಟ ಒದ್ದೆ ಕೊಡೆಗಳನ್ನೂ, ಹೊಲಿಗೆಯ ತರಗತಿಯಲ್ಲಿ ಸೂಜಿ ಚುಚ್ಚಿಕೊಂಡ ಬೆರಳುಗಳನ್ನೂ ನಮಗಿಂತ ಸೊಗಸಾಗಿ ವರ್ಣಿಸಬಲ್ಲವರು ಅನೇಕರಿದ್ದಾರೆ. ಆದಕಾರಣ ಆ ಕೆಲಸವನ್ನು ಅವರಿಗೆ ಬಿಟ್ಟು, ನಮ್ಮ ಮನೆಯಲ್ಲಿ ಬೆಳೆಯುವ ವಯಸ್ಸಿನ ಒಂದು ಹುಡುಗಿಗೆ ಬಂದ ವ್ಯಾಧಿಯನ್ನು ಕುರಿತು ಬರೆಯಲು ನಿಶ್ಚಯಿಸಿದೆವು. ಈ ಪುಟಗಳನ್ನು ಓದುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳ ತಾಯಂದಿರು, ತಂದೆಗಳು, ಉಪಾಧ್ಯಾಯಿನಿಯರು. ನಾವು ಹೇಳುವ ವ್ಯಾಧಿಯಾದರೋ ವಿಶೇಷವಾಗಿ ಹೆಣ್ಣುಮಕ್ಕಳನ್ನೇ ಹುಡುಕಿಕೊಂಡು ಬರುವಂಥದು.

ಅದರ ಹೆಸರು ಲೂಪಸ್. ಲ್ಯಾಟಿನ್ ಭಾಷೆಯಲ್ಲಿ ಈ ಮಾತಿಗೆ ತೋಳ ಎಂದರ್ಥ. ಮುಖದ ಚರ್ಮವನ್ನು ತಿಂದುಹಾಕುವ ಹುಣ್ಣುಗಳಿಗೆ ಯುರೋಪಿನವರು ಮಧ್ಯಯುಗದಲ್ಲಿ ಈ ಹೆಸರನ್ನಿಟ್ಟರು. 1851ರಲ್ಲಿ ಪ್ಯಾರಿಸ್ಸಿನ ಕಾಜನಾವ್ ಎಂಬ ವೈದ್ಯರು ಕೆಂಪೇರುವ ಲೂಪಸ್ಸನ್ನು ಬೇರೆ ಬಗೆಯೆಂದು ಗುರುತಿಸಿ ಅದಕ್ಕೆ ಈಗಿನ ಹೆಸರನ್ನು ಕೊಟ್ಟರು. 1872ರಲ್ಲಿ ವಿಯೆನ್ನಾ ನಗರದ ಕಪೋಸಿ ಎಂಬವರು ಇದು ಚರ್ಮಕ್ಕೆ ಮಾತ್ರ ಸೀಮಿತವಾದುದಲ್ಲ, ದೇಹದೊಳಕ್ಕೂ ಇಳಿಯುವುದೆಂದು ತೋರಿಸಿದರು. 1895ರ ಬಳಿಕ ವಿಲಿಯಂ ಆಸ್ಲರ್ ಎಂಬ ಪ್ರಸಿದ್ಧ ವೈದ್ಯರು ಹೃದಯ, ಶ್ವಾಸಕೋಶ, ಮೂತ್ರಪಿಂಡ ಮೊದಲಾದ ಒಳಗಣ ಅಂಗಗಳು ಇದರಿಂದ ಕೆಡುವ ಬಗೆಯನ್ನು ವಿವರಿಸಿ ಬರೆದರು.

ಹೊರಗಿನಿಂದ ಬರುವ ಕ್ರಿಮಿಗಳೊಡನೆ ಹೋರಾಡಲೆಂದು ನಮ್ಮ ರಕ್ತದಲ್ಲಿ ಕಾವಲಿನ ಶಕ್ತಿಯೊಂದು ಉಂಟಷ್ಟೆ. ಲೂಪಸ್ಸಿನಲ್ಲಿ ಆ ಕಾವಲುಗಾರರು ತಮ್ಮವರು ಯಾರು, ಪರರು ಯಾರು ಎಂಬ ಗುರುತನ್ನು ಮರೆತು, ಸ್ವಂತ ಜೀವಕೋಶಗಳ ಮೇಲೆಯೇ ಬೀಳುತ್ತಾರೆ. ಆದುದರಿಂದ ಇದು ಅಂಟುವ ಜಾಡ್ಯವಲ್ಲ, ಕುಷ್ಠವಲ್ಲ, ಅರ್ಬುದವೂ ಅಲ್ಲ. ಹೀಗೆ ಬೀಳಲು ಕಾರಣವೇನೆಂಬುದು ಪೂರ್ತಿಯಾಗಿ ತಿಳಿದಿಲ್ಲವಾದರೂ, ವಂಶದಿಂದ ಬಂದ ಒಲವು, ಸ್ತ್ರೀದೇಹದ ಹಾರ್ಮೋನುಗಳು, ಬಿಸಿಲಿನ ಕಿರಣಗಳು, ಕೆಲವು ಸೋಂಕುಗಳು ಇವೆಲ್ಲ ಕೂಡಿ ಕಿಡಿ ಹೊತ್ತಿಸುವುದೆಂದು ಬಲ್ಲವರು ಹೇಳುತ್ತಾರೆ. ರೋಗಿಗಳಲ್ಲಿ 10ರಲ್ಲಿ 9 ಮಂದಿ ಸ್ತ್ರೀಯರು. ಬಹುಪಾಲು ಮಂದಿಗೆ 15ರಿಂದ 45 ವರ್ಷಗಳ ನಡುವೆ ಪ್ರಾರಂಭವಾಗುವುದು. ನೂರರಲ್ಲಿ 15ರಿಂದ 20 ಮಂದಿಗೆ ಬಾಲ್ಯದಲ್ಲಿಯೇ ಬರುವುದು. ಹಾಗೆ ಎಳೆಯ ವಯಸ್ಸಿನಲ್ಲಿ ಬಂದ ಲೂಪಸ್, ದೊಡ್ಡವರಲ್ಲಿ ಬರುವುದಕ್ಕಿಂತ ಹೆಚ್ಚು ಉಗ್ರವಾಗಿರುವುದು.

ನಮ್ಮ ಮನೆಗೆ ಅದು ಬಂದದ್ದು 2016ರ ಡಿಸೆಂಬರಿನಲ್ಲಿ. ಅಕ್ಕನ ಮಗಳು, ನಮ್ಮಿಬ್ಬರಿಗೂ ಮಗಳೇ ಸರಿ, ಆಗ ಒಂಬತ್ತನೆಯ ತರಗತಿಯಲ್ಲಿದ್ದಳು, ವಯಸ್ಸು 14. ಆಟೋಟಗಳ ದಿನಕ್ಕಾಗಿ ಒಂದು ವಾರ ಬಿಸಿಲಿನಲ್ಲಿ ಕವಾಯತು ಮಾಡಿ ಬಂದವಳ ಎರಡು ಕೆನ್ನೆಗಳೂ ಮೂಗಿನ ಮೇಲುಭಾಗವೂ ಕೆಂಪೇರಿದ್ದವು. ಅವಳ ಜತೆಯವರ ಮುಖಗಳೂ ಬಿಸಿಲಿಗೆ ಬಾಡಿದ್ದವಾದರೂ ನಾಲ್ಕು ದಿನಗಳಲ್ಲಿ ಸರಿಹೋದವು, ಇವಳದು ಹೋಗಲಿಲ್ಲ. ಜನವರಿಯಲ್ಲಿ ಸಾಯಂಕಾಲದ ಸಣ್ಣ ಜ್ವರ ಬಂತು. ಬೆಳಗ್ಗೆ ಎದ್ದಾಗ ಬೆರಳ ಗಿಣ್ಣುಗಳು ಬಿಗಿದುಕೊಂಡು ಜಡೆ ಹೆಣೆಯಲಾರದಾದಳು. ಬಾಚಣಿಗೆಯ ತುಂಬ ಕೂದಲು ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಆಯಾಸ. "ಅಮ್ಮಾ, ನನಗೆ ಮೆಟ್ಟಿಲು ಹತ್ತಲಾಗುವುದಿಲ್ಲ" ಎಂದು ಆಕೆ ಹೇಳಿದ ದಿನವೇ ಅವಳನ್ನು ವೈದ್ಯರಲ್ಲಿಗೆ ಕರೆದೊಯ್ದೆವು.

ಆ ವೈದ್ಯರು ಎದೆಗೆ ಸ್ಟೆತಾಸ್ಕೋಪು ಇಟ್ಟು ನೋಡಿ, ಹೃದಯದಲ್ಲಿ ಒಂದು ಮರ್ಮರ ಶಬ್ದ ಕೇಳುತ್ತಿದೆ, ಇದು ರುಮ್ಯಾಟಿಕ್ ಜ್ವರವಾಗಿರಬೇಕು ಎಂದರು. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಆರಂಭವಾಯಿತು. ಅವರನ್ನು ದೂರುವ ಮನಸ್ಸು ನಮಗಿಲ್ಲ. ಗಂಟಲಿನ ಸೋಂಕಿನ ಹಿಂದೆಯೇ ಬಂದು, ಕೀಲುಗಳನ್ನು ನೋಯಿಸಿ, ಹೃದಯದ ಕವಾಟಗಳನ್ನು ಕೆಡಿಸಿಬಿಡುವ ಆ ಜ್ವರ ನಮ್ಮ ದೇಶದ ಶಾಲಾಮಕ್ಕಳಲ್ಲಿ ಲೂಪಸ್ಸಿಗಿಂತ ಎಷ್ಟೋ ಪಾಲು ಹೆಚ್ಚು. ಜ್ವರ, ಕೀಲುನೋವು, ಮರ್ಮರ ಈ ಮೂರೂ ಕೂಡಿದರೆ ಯಾರಿಗಾದರೂ ಮೊದಲು ಅದೇ ನೆನಪಿಗೆ ಬರುವುದು ಸಹಜ. ಆದರೆ ರುಮ್ಯಾಟಿಕ್ ಜ್ವರ ಬಹುಮಟ್ಟಿಗೆ ಮೊಣಕಾಲು, ಹರಡಿನಂಥ ದೊಡ್ಡ ಕೀಲುಗಳನ್ನು ಹಿಡಿದು ಒಂದರಿಂದ ಮತ್ತೊಂದಕ್ಕೆ ಅಲೆದಾಡುವುದು. ನಮ್ಮ ಮಗಳಿಗೆ ನೋಯುತ್ತಿದ್ದುದು ಬೆರಳ ಸಣ್ಣ ಗಿಣ್ಣುಗಳು. ಕೆನ್ನೆಯ ಕೆಂಪೂ, ಕೂದಲುದುರುವುದೂ ಆ ಜ್ವರದ ಲಕ್ಷಣಗಳಲ್ಲ. ಈ ಭೇದವನ್ನು ನಾವು ತಿಳಿದದ್ದು ಆಮೇಲೆ. ತಾಯಂದಿರು ತಿಳಿದಿದ್ದರೆ ಒಳ್ಳೆಯದೆಂದು ಇಲ್ಲಿ ಬರೆದಿದ್ದೇವೆ.

ಮಾರ್ಚಿ ತಿಂಗಳ ಎರಡನೆಯ ವಾರದಲ್ಲಿ ಅವಳಿಗೆ ಮಲಗಲಾಗದಾಯಿತು. ಅಂಗಾತ ಮಲಗಿದರೆ ಎದೆಯ ನಡುವೆ ಚುಚ್ಚಿದಂತೆ ನೋವು. ಎದ್ದು ಕುಳಿತು ಮುಂದಕ್ಕೆ ಬಾಗಿದರೆ ಸ್ವಲ್ಪ ಸಮಾಧಾನ. ಮೊಣಕಾಲುಗಳ ಮೇಲೆ ದಿಂಬನ್ನಿಟ್ಟು ಅದರ ಮೇಲೆ ತಲೆಯಿಟ್ಟು ಆಕೆ ಎರಡು ರಾತ್ರಿಗಳನ್ನು ಕಳೆದಳು. ನಾವು ಸರದಿಯಂತೆ ಬೆನ್ನು ಸವರುತ್ತ ಕುಳಿತೆವು. ಎದೆನೋವು ಮುದುಕರ ಕಾಯಿಲೆ, ಎಳೆಯ ಮಕ್ಕಳಿಗೆ ಬರುವುದು ವಾಯು ಎಂದು ಬಂಧುಗಳೊಬ್ಬರು ಓಮದ ಕಷಾಯವನ್ನು ಮಾಡಿಕೊಟ್ಟರು. ಆದರೆ ಮಗು ಉಸಿರಾಡುತ್ತಿದ್ದ ರೀತಿಯನ್ನು ಕಂಡು ನಾವು ಮೂರನೆಯ ರಾತ್ರಿಗಾಗಿ ಕಾಯಲಿಲ್ಲ.

ಆಸ್ಪತ್ರೆಯಲ್ಲಿ ಎಕೋ ಪರೀಕ್ಷೆ ಮಾಡಿದರು. ಶಬ್ದದ ಅಲೆಗಳಿಂದ ಹೃದಯದ ಚಿತ್ರವನ್ನು ತೆರೆಯ ಮೇಲೆ ತೋರಿಸುವ ಆ ಯಂತ್ರದಲ್ಲಿ ಹೃದಯದ ಸುತ್ತಲೂ ಕಪ್ಪಾದ ಒಂದು ಪಟ್ಟಿ ಕಾಣಿಸಿತು. ಅದು ನೀರು. ನಮ್ಮ ದೇಶದಲ್ಲಿ ಹೃದಯದ ಸುತ್ತ ನೀರು ತುಂಬಿದರೆ ಮೊದಲು ಶಂಕಿಸುವುದು ಕ್ಷಯವನ್ನು. ಇಲ್ಲಿಯೂ ಹಾಗೆಯೇ ಆಯಿತು. ಕ್ಷಯದ ಮದ್ದುಗಳನ್ನು ಬರೆಯುವಷ್ಟರಲ್ಲಿ, ಮಕ್ಕಳ ವಿಭಾಗದ ಹಿರಿಯ ವೈದ್ಯೆಯೊಬ್ಬರು ಬಂದು, ಹೃದಯವನ್ನು ಆಮೇಲೆ ನೋಡೋಣವೆಂದು ಹೇಳಿ, ಮೊದಲು ಮುಖವನ್ನೂ, ಬಾಯೊಳಗಣ ಅಂಗಳನ್ನೂ, ಬೆರಳುಗಳನ್ನೂ ನೋಡಿದರು. ಅಂಗಳಿನಲ್ಲಿ ನೋವಿಲ್ಲದ ಒಂದು ಹುಣ್ಣಿತ್ತು. ಅವರು ಮೂತ್ರದ ಪರೀಕ್ಷೆ ಮಾಡಿಸಿದರು. ಅದರಲ್ಲಿ ಪ್ರೋಟೀನು ಸೋರುತ್ತಿತ್ತು. ರಕ್ತದ ಕಣಗಳು ಕಡಮೆಯಾಗಿದ್ದವು. ಜೀವಕೋಶದ ಬೀಜದ ಮೇಲೆ ಬೀಳುವ ಪ್ರತಿಕಾಯಗಳಿವೆಯೇ ಎಂದು ನೋಡುವ ಪರೀಕ್ಷೆಗಳನ್ನೂ ಮಾಡಿಸಿದರು. ನಾಲ್ಕನೆಯ ದಿನ ನಮ್ಮನ್ನು ಕೂಡಿಸಿಕೊಂಡು, "ಇದು ಕ್ಷಯವಲ್ಲಮ್ಮಾ, ಲೂಪಸ್. ಹೃದಯಕ್ಕೂ ತಗಲಿದೆ, ಮೂತ್ರಪಿಂಡಕ್ಕೂ ತಗಲಿದೆ. ಮದ್ದು ಉಂಟು, ಆದರೆ ಇದು ಬಹಳ ವರ್ಷಗಳ ಕೆಲಸ" ಎಂದರು.

ಆ ತಾಯಿ ಹೃದಯವನ್ನು ಒಂದು ಮನೆಗೆ ಹೋಲಿಸಿ ನಮಗೆ ವಿವರಿಸಿದ ಮಾತುಗಳನ್ನು ಇಲ್ಲಿ ಬರೆಯುತ್ತೇವೆ.

ಮನೆಗೆ ಹೊರಗಿನ ಪೌಳಿಯಿದ್ದಂತೆ ಹೃದಯಕ್ಕೆ ಎರಡು ಪದರಗಳ ಒಂದು ತೆಳುವಾದ ಚೀಲವುಂಟು. ಲೂಪಸ್ ಹೃದಯಕ್ಕೆ ತಗಲಿದಾಗ ಎಲ್ಲಕ್ಕಿಂತ ಹೆಚ್ಚಾಗಿ ಉರಿಯೂತ ಕಾಣಿಸುವುದು ಈ ಚೀಲದಲ್ಲಿಯೇ. ಸುಮಾರು ನಾಲ್ವರು ರೋಗಿಗಳಲ್ಲಿ ಒಬ್ಬರಿಗೆ ಒಂದಲ್ಲ ಒಂದು ಕಾಲದಲ್ಲಿ ಇದು ಬರುವುದು. ಪದರಗಳು ಒಂದಕ್ಕೊಂದು ಉಜ್ಜಿದಾಗ ಚುಚ್ಚುವ ನೋವು. ಮುಂದಕ್ಕೆ ಬಾಗಿದಾಗ ಅದು ಕಡಮೆಯಾಗುವುದು. ನೀರು ಮೆಲ್ಲಗೆ ತುಂಬಿದರೆ ಚೀಲವು ಹಿಗ್ಗಿ ತಾಳಿಕೊಳ್ಳುವುದು. ಬೇಗನೆ ತುಂಬಿದರೆ ಹೃದಯವು ಅರಳಲು ಸ್ಥಳವಿಲ್ಲದೆ ಹಿಂಡಿದಂತಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಆಗ ಸೂಜಿಯಿಂದ ನೀರನ್ನು ತೆಗೆಯಲೇಬೇಕು. ನಮ್ಮ ಮಗಳಿಗೆ ಆ ಸಂದರ್ಭ ಬಂತು. ಒಂದು ರಾತ್ರಿ ಹನ್ನೊಂದು ಗಂಟೆಗೆ ಎದೆಯ ಮೂಳೆಯ ಕೆಳಗಿನಿಂದ ಸೂಜಿಯನ್ನು ಹಾಯಿಸಿ ನೀರು ತೆಗೆದರು. ಹೊರಗೆ ಬೆಂಚಿನ ಮೇಲೆ ನಾವಿಬ್ಬರೂ ಕೈ ಹಿಡಿದು ಕುಳಿತಿದ್ದೆವು; ಮಾತು ಹೊರಡಲಿಲ್ಲ.

ಎರಡನೆಯದು ಗೋಡೆ, ಎಂದರೆ ಹೃದಯದ ಸ್ನಾಯು. ಅದಕ್ಕೆ ಉರಿಯೂತವಾಗುವುದು ಅಷ್ಟು ಸಾಮಾನ್ಯವಲ್ಲ; ನೂರರಲ್ಲಿ 5ರಿಂದ 10 ಮಂದಿಗೆ ಮಾತ್ರ ಲಕ್ಷಣಗಳು ತೋರುವಷ್ಟು ಆಗುವುದು. ಆದರೆ ಆದಾಗ ಬಹಳ ಅಪಾಯ. ಜ್ವರವಿಲ್ಲದಾಗಲೂ ನಾಡಿ ಓಡುವುದು, ಕಾಲು ಊದುವುದು, ನಾಲ್ಕು ಹೆಜ್ಜೆ ನಡೆದರೆ ಮೇಲುಸಿರು ಬರುವುದು ಇದರ ಗುರುತುಗಳು.

ಮೂರನೆಯದು ಬಾಗಿಲುಗಳು, ಎಂದರೆ ಕವಾಟಗಳು. 1924ರಲ್ಲಿ ನ್ಯೂಯಾರ್ಕ್ ನಗರದ ಮೌಂಟ್ ಸೈನಾಯ್ ಆಸ್ಪತ್ರೆಯ ಲಿಬ್ಮನ್ ಮತ್ತು ಸ್ಯಾಕ್ಸ್ ಎಂಬ ಇಬ್ಬರು ವೈದ್ಯರು, ಕ್ರಿಮಿಗಳ ಸುಳಿವೇ ಇಲ್ಲದೆ ಕವಾಟಗಳ ಮೇಲೆ ನರುಲಿಗಳಂತೆ ಬೆಳೆದ ಗಂಟುಗಳನ್ನು ನಾಲ್ವರು ರೋಗಿಗಳಲ್ಲಿ ಕಂಡು ವರ್ಣಿಸಿದರು. ಅದು ಲೂಪಸ್ಸಿನ ಕೆಲಸವೆಂಬುದು ಆಮೇಲೆ ಸ್ಪಷ್ಟವಾಯಿತು. ಇಂದಿಗೂ ಆ ವಿಕಾರಕ್ಕೆ ಅವರಿಬ್ಬರ ಹೆಸರೇ ಇದೆ. ಬಹುಮಂದಿಗೆ ಈ ಗಂಟುಗಳು ಯಾವ ನೋವನ್ನೂ ಕೊಡವು. ಆದರೆ ಅವುಗಳ ಚೂರೊಂದು ಕಳಚಿ ರಕ್ತದೊಡನೆ ಮೆದುಳಿಗೆ ಹೋದರೆ, ಹದಿನಾರರ ಹುಡುಗಿಗೂ ಪಾರ್ಶ್ವವಾಯು ಬಡಿಯಬಹುದು. ರಕ್ತವು ಬೇಗ ಹೆಪ್ಪುಗಟ್ಟುವಂತೆ ಮಾಡುವ ಒಂದು ಬಗೆಯ ಪ್ರತಿಕಾಯಗಳಿರುವವರಲ್ಲಿ ಈ ಭಯ ಹೆಚ್ಚು. ನಮ್ಮ ಮಗಳ ಎದೆಯಲ್ಲಿ ಮೊದಲು ಕೇಳಿಬಂದ ಮರ್ಮರ ಇಂಥ ಕವಾಟದ ಸೋರುವಿಕೆಯದೇ ಆಗಿತ್ತು. ನಾಲ್ಕನೆಯದು ಹೃದಯಕ್ಕೇ ರಕ್ತವನ್ನೊಯ್ಯುವ ಧಮನಿಗಳು. ಅವು ಮನೆಯ ನೀರಿನ ಕೊಳವೆಗಳಂತೆ. ಅವುಗಳ ವಿಷಯವನ್ನು ಮುಂದೆ ಹೇಳುತ್ತೇವೆ.

ಚಿಕಿತ್ಸೆಗೆ ಬರೋಣ. ಮೊದಲು ಮೂರು ದಿನ ಸ್ಟೀರಾಯ್ಡ್ ಮದ್ದನ್ನು ರಕ್ತನಾಳದ ಮೂಲಕ ದೊಡ್ಡ ಪ್ರಮಾಣದಲ್ಲಿ ಕೊಟ್ಟರು. ನಾಲ್ಕನೆಯ ರಾತ್ರಿ ಆಕೆ ಅಂಗಾತ ಮಲಗಿ ನಿದ್ದೆಮಾಡಿದಳು. ಅದನ್ನು ನೋಡುವುದಕ್ಕಾಗಿಯೇ ನಾವಿಬ್ಬರೂ ಎಚ್ಚರವಾಗಿದ್ದೆವು. ಈ ಮದ್ದಿನ ಮೂಲ 1948ರಲ್ಲಿ ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ ಹೆಂಚ್ ಎಂಬ ವೈದ್ಯರು ಕೀಲುವಾತದ ರೋಗಿಗೆ ಮೊದಲು ಕೊಟ್ಟ ಕಾರ್ಟಿಸೋನು. ಅದಕ್ಕಾಗಿ ಅವರಿಗೂ ಮತ್ತಿಬ್ಬರಿಗೂ 1950ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದೇ 1948ರಲ್ಲಿ ಅದೇ ಚಿಕಿತ್ಸಾಲಯದ ಹಾರ್ಗ್ರೇವ್ಸ್ ಎಂಬವರು ಲೂಪಸ್ ರೋಗಿಗಳಲ್ಲಿ ಒಂದು ವಿಶೇಷ ಕಣವನ್ನು ಕಂಡುಹಿಡಿದರು. ಹೀಗೆ ಗುರುತಿಸುವ ಉಪಾಯವೂ ಅಡಗಿಸುವ ಉಪಾಯವೂ ಒಂದೇ ವರ್ಷ ಒಂದೇ ಕಡೆ ಮೊಳೆತವು. 1950ರ ದಶಕದಲ್ಲಿ ಈ ರೋಗ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಐದು ವರ್ಷ ಬದುಕುತ್ತಿದ್ದರು. ಈಗ ಒಳ್ಳೆಯ ಚಿಕಿತ್ಸೆ ದೊರೆಯುವಲ್ಲಿ ನೂರರಲ್ಲಿ 90ಕ್ಕಿಂತ ಹೆಚ್ಚು ಮಂದಿ ಬದುಕುತ್ತಾರೆ.

ಇನ್ನೊಂದು ಮದ್ದಿನ ಕಥೆ ನಮ್ಮ ಸೀಮೆಯವರಿಗೆ ಹತ್ತಿರವಾದುದು. ಮಲೆನಾಡಿನಲ್ಲಿಯೂ ಘಟ್ಟದ ಕೆಳಗೂ ಚಳಿಜ್ವರಕ್ಕೆ ಕ್ವಿನೈನ್ ನುಂಗಿದವರ ಕಥೆಗಳನ್ನು ನಮ್ಮ ಅಜ್ಜಿಯವರ ಬಾಯಿಂದ ಕೇಳದವರು ಯಾರು? 1894ರಲ್ಲಿ ಲಂಡನಿನ ಪೇನ್ ಎಂಬ ವೈದ್ಯರು ಅದೇ ಕ್ವಿನೈನನ್ನು ಲೂಪಸ್ಸಿಗೆ ಕೊಟ್ಟು ಗುಣ ಕಂಡಿದ್ದರು. 1951ರಲ್ಲಿ ಪೇಜ್ ಎಂಬವರು ಮಲೇರಿಯಾದ ಮತ್ತೊಂದು ಮದ್ದಾದ ಮೆಪಕ್ರಿನ್ನಿನಿಂದಲೂ ಅಂಥ ಗುಣವಾಗುವುದೆಂದು ಬರೆದರು. ಇಂದು ಲೂಪಸ್ ಬಂದ ಬಹುತೇಕ ಎಲ್ಲರಿಗೂ ದಿನವೂ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಾತ್ರೆ ಆ ವಂಶದ್ದೇ. ಅದು ರೋಗ ಮರುಕಳಿಸುವುದನ್ನು ಕಡಮೆಮಾಡುವುದು. ತೂಕಕ್ಕೆ ತಕ್ಕ ಅಳತೆಯಲ್ಲಿ ತೆಗೆದುಕೊಂಡು ಕಾಲಕಾಲಕ್ಕೆ ಕಣ್ಣಿನ ಪರೀಕ್ಷೆ ಮಾಡಿಸಿಕೊಂಡರೆ ಅದರಿಂದ ಭಯವು ಅಲ್ಪ. 2020ರ ಮಾರ್ಚಿಯಲ್ಲಿ ಕೋವಿಡ್ ಬೇನೆಗೆ ಅದೇ ಮದ್ದೆಂಬ ಸುದ್ದಿ ಹಬ್ಬಿ ಎಲ್ಲರೂ ಅದನ್ನು ಕೊಂಡಿಟ್ಟುಕೊಂಡಾಗ, ನಾವು ಹನ್ನೆರಡು ಮದ್ದಿನಂಗಡಿಗಳ ಮೆಟ್ಟಿಲು ಹತ್ತಿ ಇಳಿದೆವು. ಹದಿಮೂರನೆಯದರಲ್ಲಿ ಇಪ್ಪತ್ತು ದಿನಗಳಿಗೆ ಸಾಲುವಷ್ಟು ಸಿಕ್ಕಿತು. ಕೋವಿಡ್ಡಿಗೆ ಅದರಿಂದ ಪ್ರಯೋಜನವಿಲ್ಲವೆಂದು ಅದೇ ವರ್ಷ ದೊಡ್ಡ ಪರೀಕ್ಷೆಗಳಿಂದ ತಿಳಿದುಬಂತು.

ಸ್ಟೀರಾಯ್ಡಿನ ಗುಣವನ್ನು ಹೇಳಿದೆವು. ಅದು ಹುಡುಗಿಯರ ಮನಸ್ಸಿಗೆ ಕೊಡುವ ಕಷ್ಟವನ್ನೂ ಹೇಳಲೇಬೇಕು. ಎರಡು ತಿಂಗಳಲ್ಲಿ ಅವಳ ಮುಖ ಹುಣ್ಣಿಮೆಯ ಚಂದ್ರನಂತೆ ಊದಿಕೊಂಡಿತು. ಮೈ ತೂಕ ಏರಿತು. ಕೆನ್ನೆಯಲ್ಲಿ ಸಣ್ಣ ರೋಮಗಳು ಬಂದವು. ಆಕೆ ಕೋಣೆಯ ಕನ್ನಡಿಯ ಮೇಲೆ ಟವೆಲನ್ನು ಹೊದಿಸಿಟ್ಟಳು. ಶಾಲೆ ತೆರೆದಾಗ ಹೋಗಲಾರೆನೆಂದಳು. ಮುಖ್ಯೋಪಾಧ್ಯಾಯಿನಿಯವರು ತಾವಾಗಿಯೇ ಮನೆಗೆ ಬಂದು, ಕವಾಯತಿನ ಹೊತ್ತಿನಲ್ಲಿ ಗ್ರಂಥಾಲಯದಲ್ಲಿ ಕುಳಿತುಕೊಳ್ಳಲೂ, ತೋಳುದ್ದದ ರವಕೆ ತೊಡಲೂ, ಅಂಗಳ ದಾಟುವಾಗ ಕೊಡೆ ಹಿಡಿಯಲೂ ಅನುಮತಿ ಕೊಟ್ಟರು. ಅದಕ್ಕಿಂತ ದೊಡ್ಡದೊಂದನ್ನು ಅವಳ ತರಗತಿಯ ಹುಡುಗಿಯರು ಮಾಡಿದರು. ಮೊದಲ ದಿನ ಅವಳೊಬ್ಬಳೇ ಕೊಡೆ ಹಿಡಿದಿದ್ದಳು. ಮರುದಿನ ಐದು ಮಂದಿ ಬಿಸಿಲಿನಲ್ಲಿ ಕೊಡೆ ಹಿಡಿದು ಅವಳ ಸುತ್ತ ನಡೆದರು. ಯಾರು ಹೇಳಿಕೊಟ್ಟರೋ ನಾವರಿಯೆವು.

ಈ ಮಾತನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವುಂಟು. ಆಸ್ಪತ್ರೆಯಲ್ಲಿ ನಮ್ಮ ಪಕ್ಕದ ಹಾಸಿಗೆಯಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಹುಡುಗಿಯಿದ್ದಳು. ಅವಳಿಗೂ ಲೂಪಸ್, ಮೂರು ವರ್ಷ ಮದ್ದು ತೆಗೆದುಕೊಂಡು ಚೆನ್ನಾಗಿದ್ದಳು. ಮದುವೆಯ ಮಾತು ಬಂತು. ವರನ ಕಡೆಯವರು ನೋಡಲು ಬರುವ ಮೊದಲು ಮುಖದ ಊತ ಇಳಿಯಲೆಂದೂ, ಮಾತ್ರೆಯ ಡಬ್ಬಿ ಅವರ ಕಣ್ಣಿಗೆ ಬೀಳದಿರಲೆಂದೂ ಆಕೆ ಮದ್ದನ್ನು ನಿಲ್ಲಿಸಿದಳು. ಸ್ಟೀರಾಯ್ಡನ್ನು ಬಹುಕಾಲ ತೆಗೆದುಕೊಂಡವರ ದೇಹ ತನ್ನ ಪಾಲಿನ ಆ ರಸವನ್ನು ತಾನೇ ತಯಾರಿಸುವುದನ್ನು ಮರೆತಿರುವುದು. ಒಮ್ಮೆಲೇ ನಿಲ್ಲಿಸಿದರೆ ರೋಗ ಕೆರಳುವುದಲ್ಲದೆ, ನಿಲ್ಲಿಸಿದ್ದೇ ಪ್ರಾಣಾಪಾಯಕ್ಕೆ ಕಾರಣವಾಗಬಹುದು. ಆರು ವಾರಗಳಲ್ಲಿ ಅವಳನ್ನು ಕರೆತಂದರು. ಹೃದಯದ ಸ್ನಾಯುವೇ ಸೋತಿತ್ತು. ನಮ್ಮ ಮಗಳಿಗೆ ತನ್ನ ಬಣ್ಣದ ಪೆನ್ಸಿಲುಗಳನ್ನು ಕೊಟ್ಟು, "ಚಿತ್ರ ಮುಗಿಸಿ ತೋರಿಸು, ತಂಗಿ" ಎಂದಿದ್ದಳು. ಚಿತ್ರ ಮುಗಿಯಿತು, ತೋರಿಸಲು ಆಕೆ ಉಳಿಯಲಿಲ್ಲ. ಆಕೆಯ ತಾಯಿ ನಮ್ಮ ಕೈ ಹಿಡಿದು, ನಿಮ್ಮ ಮಗಳ ಮಾತ್ರೆಯನ್ನು ಯಾರ ಮಾತಿಗೂ ಬಿಡಿಸಬೇಡಿ ಎಂದು ಅತ್ತರು. ಮುಂದೆ ಒಂದು ದಿನ ಕನ್ನಡಿಯ ಮುಂದೆ ಅಳುತ್ತ ನಮ್ಮ ಮಗಳು ತಾನೂ ಮದ್ದು ಬಿಡುತ್ತೇನೆಂದಾಗ, ನಾವು ಏನನ್ನೂ ಬೋಧಿಸಲಿಲ್ಲ. ಆ ಪೆನ್ಸಿಲುಗಳ ಪೆಟ್ಟಿಗೆಯನ್ನು ತಂದು ಅವಳ ಮುಂದಿಟ್ಟೆವು. ಸ್ವಲ್ಪ ಹೊತ್ತಿನ ಮೇಲೆ ಆಕೆ ನೀರು ಕೇಳಿ ಮಾತ್ರೆಯನ್ನು ನುಂಗಿದಳು. ವೈದ್ಯರು ಮತ್ತೊಂದು ಮದ್ದನ್ನು ಜತೆಗೂಡಿಸಿ ಸ್ಟೀರಾಯ್ಡನ್ನು ತಿಂಗಳು ತಿಂಗಳಿಗೆ ತಗ್ಗಿಸುತ್ತ ಬಂದರು. ವರ್ಷದೊಳಗೆ ಅವಳ ಮುಖ ಅವಳಿಗೆ ಮರಳಿತು.

ರೋಗವು ಶಾಂತವಾದ ಮೇಲೂ ಹೃದಯದ ಕಾವಲು ಮುಗಿಯುವುದಿಲ್ಲ. ಹಿಂದೆ ಹೇಳಿದ ಧಮನಿಗಳ ವಿಷಯ ಇಲ್ಲಿ ಬರುತ್ತದೆ. 1976ರಲ್ಲಿ ಕೆನಡಾ ದೇಶದ ಟೊರೊಂಟೊ ನಗರದ ಯುರೋವಿಟ್ಜ್ ಎಂಬ ವೈದ್ಯರೂ ಅವರ ಜತೆಯವರೂ ಒಂದು ಸಂಗತಿಯನ್ನು ಗಮನಿಸಿದರು: ಲೂಪಸ್ಸಿನಿಂದ ಮೊದಲ ವರ್ಷಗಳಲ್ಲಿ ತೀರಿಕೊಳ್ಳುವವರು ರೋಗದ ಉಗ್ರತೆಯಿಂದ ಅಥವಾ ಸೋಂಕಿನಿಂದ ತೀರಿಕೊಂಡರೆ, ಬಹಳ ವರ್ಷ ಬದುಕಿದವರು ಹೃದಯಾಘಾತದಿಂದ ತೀರಿಕೊಳ್ಳುತ್ತಿದ್ದರು. 1997ರಲ್ಲಿ ಪಿಟ್ಸ್‌ಬರ್ಗಿನಲ್ಲಿ 498 ಮಂದಿ ಸ್ತ್ರೀರೋಗಿಗಳ ಲೆಕ್ಕ ನೋಡಿದಾಗ, 35ರಿಂದ 44 ವರ್ಷದವರಲ್ಲಿ ಹೃದಯಾಘಾತವು ಅದೇ ವಯಸ್ಸಿನ ಇತರ ಸ್ತ್ರೀಯರಿಗಿಂತ 50 ಪಟ್ಟಿಗೂ ಹೆಚ್ಚೆಂದು ಕಂಡುಬಂತು. ವರ್ಷಗಟ್ಟಲೆಯ ಉರಿಯೂತವೂ, ರಕ್ತದೊತ್ತಡವೂ, ಸ್ಟೀರಾಯ್ಡೂ ಕೂಡಿ ಧಮನಿಗಳ ಒಳಗೋಡೆಯನ್ನು ಬೇಗನೆ ಮುಪ್ಪಾಗಿಸುತ್ತವೆ. ಕೊಬ್ಬನ್ನು ಇಳಿಸುವ ಸ್ಟಾಟಿನ್ ಮದ್ದನ್ನು ಎಳೆಯ ರೋಗಿಗಳೆಲ್ಲರಿಗೂ ಕೊಟ್ಟರೆ ಇದನ್ನು ತಡೆಯಬಹುದೇ ಎಂದು 221 ಮಕ್ಕಳಲ್ಲಿಯೂ ತರುಣರಲ್ಲಿಯೂ ಮೂರು ವರ್ಷ ಪರೀಕ್ಷಿಸಿ ನೋಡಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎಲ್ಲರಿಗೂ ಕೊಡುವುದರಿಂದ ಹೇಳತಕ್ಕಷ್ಟು ಲಾಭ ಕಾಣಲಿಲ್ಲ. ಆದುದರಿಂದ ಉಳಿದ ದಾರಿಯೆಂದರೆ ರೋಗವನ್ನು ಅಡಗಿಸಿಡುವುದು, ಸ್ಟೀರಾಯ್ಡನ್ನು ಸಾಧ್ಯವಾದಷ್ಟು ಕಡಮೆಮಾಡುವುದು, ರಕ್ತದೊತ್ತಡವನ್ನೂ ಕೊಬ್ಬಿನ ಅಂಶವನ್ನೂ ಅಳೆಯಿಸುವುದು, ಉಪ್ಪು ಎಣ್ಣೆಗಳಲ್ಲಿ ಮಿತ, ಸಂಜೆಯ ನಡಿಗೆ. ಕರಾವಳಿಯ ಮನೆಯಲ್ಲಿ ಉಪ್ಪಿನಕಾಯಿಯನ್ನೂ ಒಣಮೀನನ್ನೂ ಮೇಜಿನಿಂದ ಕೆಳಗಿಳಿಸುವುದು ಸುಲಭದ ಮಾತಲ್ಲ. ಅವಳೊಬ್ಬಳಿಗೆ ಬೇಡವೆನ್ನುವ ಬದಲು ನಾವೆಲ್ಲರೂ ಬಿಟ್ಟೆವು.

ಮದುವೆಯಾಗಿ ತಾಯಂದಿರಾಗುವ ತರುಣಿಯರಿಗೆ ಇನ್ನೊಂದು ಮಾತು. ಲೂಪಸ್ ಬಂದವರು ಮಕ್ಕಳನ್ನು ಹಡೆಯಬಾರದೆಂಬ ಹಳೆಯ ನಿರ್ಬಂಧ ಈಗಿಲ್ಲ. ರೋಗವು ಆರು ತಿಂಗಳಾದರೂ ಶಾಂತವಾಗಿದ್ದು, ಗರ್ಭಕ್ಕೆ ಕೆಡುಕಾಗುವ ಮದ್ದುಗಳನ್ನು ಮೊದಲೇ ಬದಲಿಸಿಕೊಂಡು, ವೈದ್ಯರ ಸಲಹೆಯಂತೆ ನಡೆದರೆ ಬಹುಮಂದಿಗೆ ಆರೋಗ್ಯವಂತ ಮಕ್ಕಳಾಗುತ್ತಾರೆ. ಆದರೆ ತಾಯಿಯ ರಕ್ತದಲ್ಲಿ ರೋ ಎಂಬ ಹೆಸರಿನ ವಸ್ತುವಿಗೆ ವಿರುದ್ಧವಾದ ಪ್ರತಿಕಾಯಗಳಿದ್ದರೆ, ಅಂಥ ನೂರು ಬಸಿರುಗಳಲ್ಲಿ ಸುಮಾರು ಎರಡರಲ್ಲಿ, ಬಹುಮಟ್ಟಿಗೆ 18ರಿಂದ 24ನೆಯ ವಾರದೊಳಗೆ, ಶಿಶುವಿನ ಹೃದಯ ಬಡಿತದ ಆಜ್ಞೆಯನ್ನೊಯ್ಯುವ ತಂತು ಕೆಟ್ಟು ಬಡಿತ ನಿಧಾನವಾಗುವುದುಂಟು. ಹಾಗೆ ಹುಟ್ಟಿದ ಅನೇಕ ಮಕ್ಕಳಿಗೆ ಪೇಸ್‌ಮೇಕರ್ ಬೇಕಾಗುವುದು. ಒಮ್ಮೆ ಹಾಗಾದ ತಾಯಂದಿರು ಮುಂದಿನ ಬಸಿರಿನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಂಡರೆ ಅದು ಮರುಕಳಿಸುವ ಸಂಭವ ಅರ್ಧಕ್ಕಿಂತ ಕಡಮೆಯಾಗುವುದೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಆದಕಾರಣ ರೋಗವನ್ನು ಮುಚ್ಚಿಟ್ಟು ಮದುವೆಮಾಡಿದವರು ವಧುವಿಗೆ ಮಾತ್ರವಲ್ಲ, ಹುಟ್ಟಲಿರುವ ಕೂಸಿಗೂ ಅಪಕಾರ ಮಾಡಿದಂತಾಗುವುದು.

ಹೊಸದೊಂದು ಭರವಸೆಯೂ ಬಂದಿದೆ. 2021ರಲ್ಲಿ ಜರ್ಮನಿಯ ಎರ್ಲಾಂಗೆನ್ ನಗರದ ವೈದ್ಯರು, ಯಾವ ಮದ್ದಿಗೂ ಬಗ್ಗದ ಲೂಪಸ್ಸಿನಿಂದ ಬಳಲುತ್ತಿದ್ದ 20 ವರ್ಷದ ತರುಣಿಯೊಬ್ಬಳ ರಕ್ತದಿಂದಲೇ ಕೆಲವು ಕಣಗಳನ್ನು ತೆಗೆದು, ಪ್ರತಿಕಾಯಗಳನ್ನು ಹುಟ್ಟಿಸುವ ಕಣಗಳನ್ನು ಹುಡುಕಿ ನಾಶಮಾಡುವಂತೆ ಅವನ್ನು ತಿದ್ದಿ ಮರಳಿ ಕೊಟ್ಟ ಸಂಗತಿಯನ್ನು ಪ್ರಕಟಿಸಿದರು. ಅವಳ ಮೂತ್ರಪಿಂಡಗಳು ಕೆಟ್ಟಿದ್ದವು. ಹೃದಯದ ಚೀಲದಲ್ಲಿ ಉರಿಯೂತವಿತ್ತು. ಲಿಬ್ಮನ್ ಸ್ಯಾಕ್ಸರು ವರ್ಣಿಸಿದ ಕವಾಟದ ವಿಕಾರವೂ ಹಿಂದೆ ಕಂಡಿತ್ತು. ಆಕೆಯ ರೋಗವು ಅಡಗಿತು. 2022ರಲ್ಲಿ ಅದೇ ವೈದ್ಯರು ಐವರು ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದರು. ಐವರಿಗೂ ಮೂರು ತಿಂಗಳಲ್ಲಿ ರೋಗ ಶಮನವಾಗಿತ್ತು. ಈ ಚಿಕಿತ್ಸೆ ಬಹಳ ವೆಚ್ಚದ್ದು, ಅಪಾಯಗಳಿಲ್ಲದ್ದೂ ಅಲ್ಲ. ಆದರೂ ನಮ್ಮ ಮಗಳು ಆ ವರದಿಯನ್ನು ಓದಿ, "ನನ್ನಂಥವಳೇ ಒಬ್ಬಳು, ಚಿಕ್ಕಮ್ಮಾ" ಎಂದು ಹೇಳಿದಾಗ ಅವಳ ಕಣ್ಣುಗಳಲ್ಲಿದ್ದ ಬೆಳಕನ್ನು ನಾವು ಬಹುದಿನಗಳಿಂದ ಕಂಡಿರಲಿಲ್ಲ.

ಆಕೆ ಈಗ ಪದವೀಧರೆ. ಕವಾಟ ಸ್ವಲ್ಪ ಸೋರುವುದು ನಿಂತಿಲ್ಲ; ವರ್ಷಕ್ಕೊಮ್ಮೆ ಎಕೋ ಪರೀಕ್ಷೆ ಇದ್ದೇ ಇದೆ. ಬಿಸಿಲಿಗೆ ಕೊಡೆ, ರಾತ್ರಿಗೆ ಮಾತ್ರೆ, ತಿಂಗಳಿಗೊಮ್ಮೆ ರಕ್ತದೊತ್ತಡದ ಲೆಕ್ಕ, ಇವು ಹಲ್ಲುಜ್ಜುವಂತೆ ಅವಳಿಗೆ ಅಭ್ಯಾಸವಾಗಿವೆ. ತನ್ನನ್ನು ನೋಡಲು ಬಂದವರೊಡನೆ ಮೊದಲ ಮಾತಿನಲ್ಲಿಯೇ ತನ್ನ ರೋಗದ ಹೆಸರನ್ನು ಹೇಳಿಬಿಡುತ್ತಾಳೆ. ಕೆಲವರು ಎದ್ದುಹೋದರು. ಹೋಗಲಿ.

ಪೋಷಕರೇ, ಸಹೋದರಿಯರೇ, ನಮ್ಮ ಬಿನ್ನಹ ಇಷ್ಟೇ. ಹುಡುಗಿಯರ ಆಯಾಸವನ್ನು ನಮ್ಮ ಮನೆಗಳಲ್ಲಿ ಸೋಮಾರಿತನವೆಂದೋ, ಪರೀಕ್ಷೆಯ ಭಯವೆಂದೋ, ತಿಂಗಳ ಮುಟ್ಟಿನ ನಿತ್ರಾಣವೆಂದೋ ತಳ್ಳಿಬಿಡುವ ರೂಢಿಯುಂಟು. ಹತ್ತರಲ್ಲಿ ಒಂಬತ್ತು ಸಲ ಅದು ಹಾಗೆಯೇ ಇದ್ದೀತು. ಆದರೆ ಆಯಾಸದ ಜತೆಗೆ ಬಿಡದ ಜ್ವರವೋ, ಬೆರಳ ಗಿಣ್ಣುಗಳ ನೋವೋ, ಬಿಸಿಲಿಗೆ ಕೆಂಪೇರುವ ಕೆನ್ನೆಗಳೋ, ಬಾಯಿಹುಣ್ಣೋ ಇದ್ದರೆ ರಕ್ತವನ್ನೂ ಮೂತ್ರವನ್ನೂ ಪರೀಕ್ಷೆ ಮಾಡಿಸಿರಿ. ಮಲಗಿದರೆ ಎದೆ ನೋಯುವುದು, ಕುಳಿತರೆ ಕಡಮೆಯಾಗುವುದು ಎಂದು ಹುಡುಗಿ ಹೇಳಿದರೆ ಬೆಳಗಾಗುವ ತನಕ ಕಾಯದಿರಿ. ಮದ್ದು ಹಿಡಿದವಳ ಮುಖವನ್ನು ನೋಡಿ ದಪ್ಪಗಾದಳೆಂದು ನಗಾಡಬೇಡಿರಿ. ನೀವು ನಕ್ಕ ದಿನ ಆಕೆ ಮಾತ್ರೆಯನ್ನು ಬಿಟ್ಟಾಳು. ಉಪಾಧ್ಯಾಯಿನಿಯರಾಗಿರುವ ಹಳೆಯ ವಿದ್ಯಾರ್ಥಿನಿಯರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಕವಾಯತಿನ ಸಾಲಿನಲ್ಲಿ ನಿಲ್ಲಲಾರೆನೆನ್ನುವ ಹುಡುಗಿಯೊಬ್ಬಳು ನಿಮ್ಮ ತರಗತಿಯಲ್ಲಿದ್ದರೆ, ಅವಳಿಗೆ ನೆರಳಿನಲ್ಲಿ ಒಂದು ಬೆಂಚನ್ನು ಹಾಕಿಸಿ, ಆ ಸಾಯಂಕಾಲವೇ ಅವಳ ತಾಯಿಗೆ ಒಂದು ಚೀಟಿಯನ್ನು ಬರೆದು ಕಳುಹಿಸಿರಿ.